ಮಾಮನ ಬಗ್ಗೆ ಏನೆಂದು ಬರೆಯಲಿ?

ಪ್ರಶ್ನೆ: ಮಾನ್ಯರೇ, ನಾನು ದಾವಣಗೆರೆಯ ಶಾಲೆಯೊಂದರಲ್ಲಿ ಶಿಕ್ಷಕಿ, ವಯಸ್ಸು ಐವತ್ತು. ನನ್ನ ಸೋದರಮಾವ ಕಳೆದ ವರ್ಷ ತೀರಿಕೊಂಡರು. ಮುಂದಿನ ತಿಂಗಳು ಅವರ ಮೊದಲ ವರ್ಷದ ಪುಣ್ಯಸ್ಮರಣೆ ಇದೆ. ಅಂದು ಬಂದವರ ಕೈಗೆ ಕೊಡಲು ಒಂದು ಚಿಕ್ಕ ಸ್ಮರಣ ಪುಸ್ತಿಕೆ ಅಚ್ಚು ಹಾಕಿಸಬೇಕೆಂದು ಮನೆಯವರು ನಿಶ್ಚಯಿಸಿದ್ದಾರೆ. ಮನೆಯಲ್ಲಿ ಕನ್ನಡ ಎಂ.ಎ. ಮಾಡಿದವಳು ನಾನೊಬ್ಬಳೇ ಆದ್ದರಿಂದ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಎರಡು ಪುಟ ಬರೆಯಲು ಕುಳಿತು ಎರಡು ತಿಂಗಳಾಯಿತು. ಇನ್ನೂ ಮೊದಲ ಸಾಲಿನಲ್ಲೇ ಇದ್ದೇನೆ.

ಅಮ್ಮನಿಗೆ ಹದಿನಾಲ್ಕು ವರ್ಷವಿದ್ದಾಗ ಅಜ್ಜಿ ತೀರಿಹೋದರಂತೆ. ಆರು ವರ್ಷದ ತಮ್ಮನನ್ನು ಅಮ್ಮನೇ ತಾಯಿಯಾಗಿ ಬೆಳೆಸಿದಳು. ಮಾಮ ಹತ್ತೊಂಬತ್ತನೆಯ ವಯಸ್ಸಿಗೆ ಇಲ್ಲಿನ ಹತ್ತಿ ಮಿಲ್ಲೊಂದಕ್ಕೆ ಸೇರಿ, ನೂಲು ತೆಗೆಯುವ ರಿಂಗ್ ಫ್ರೇಮ್ ವಿಭಾಗದಲ್ಲಿ ದುಡಿದರು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ನಮ್ಮ ಮನೆಗೇ ಬಂದು, ತಲೆಗೂದಲಿಗೆ ಅಂಟಿದ ಹತ್ತಿಯ ಎಳೆಗಳನ್ನು ನನ್ನಿಂದ ಬಿಡಿಸಿಕೊಳ್ಳುತ್ತಿದ್ದರು. ಹೈಸ್ಕೂಲ್ ಮೈದಾನದಲ್ಲಿ ನನಗೆ ಸೈಕಲ್ ಕಲಿಸಿದವರು ಅವರೇ. ಎಸ್ಸೆಸ್ಸೆಲ್ಸಿ ಆದ ಮೇಲೆ ಹುಡುಗಿಗೆ ಓದು ಸಾಕು ಎಂದು ಅಪ್ಪ ಹಟ ಹಿಡಿದಾಗ, ಮಾಮ ನಮ್ಮ ಮನೆಯ ಹೊಸ್ತಿಲ ಮೇಲೆ ಅನ್ನ ನೀರು ಬಿಟ್ಟು ಒಂದು ಹಗಲು ಒಂದು ರಾತ್ರಿ ಕುಳಿತರು. ಅಪ್ಪ ಮಣಿದರು. ನಾನು ಇಂದು ಶಿಕ್ಷಕಿಯಾಗಿದ್ದರೆ ಅದಕ್ಕೆ ಆ ಹೊಸ್ತಿಲೇ ಕಾರಣ.

ಆದರೆ ಅವರ ಮನೆಯ ಕಥೆ ಬೇರೆ. ತೊಂಬತ್ತರ ದಶಕದಲ್ಲಿ ಮಿಲ್ಲಿಗೆ ಬೀಗ ಬಿದ್ದ ಮೇಲೆ ಮಾಮ ಕುಡಿತಕ್ಕೆ ಬಿದ್ದು ಹಾಳಾದರು. ಮಂಡಕ್ಕಿ ಭಟ್ಟಿಯಲ್ಲಿ, ಹಮಾಲಿಯಲ್ಲಿ, ಎಲ್ಲೂ ನಿಲ್ಲಲಿಲ್ಲ. ಅತ್ತೆಯ ಮೇಲೆ ಕೈಯೆತ್ತುತ್ತಿದ್ದರು. ಪ್ರೀತಿಯ ಮಾತನ್ನೂ ಕೂಗಿಯೇ ಆಡುತ್ತಿದ್ದ ಅವರ ಗಂಟಲಿಗೆ ಬೀದಿಯೇ ಹೆದರುತ್ತಿತ್ತು. ಅವರ ಮಗಳು ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟು ಬಟ್ಟೆ ಅಂಗಡಿಯ ಕೆಲಸಕ್ಕೆ ಹೋದಳು. ನಾನು ಎಂಟನೆಯ ತರಗತಿಯಲ್ಲಿದ್ದಾಗ ಅತ್ತೆ ರಾತ್ರಿ ಹೊತ್ತು ನಮ್ಮ ಮನೆಗೆ ಬಂದು, ಅಡವಿಟ್ಟ ಬಳೆ ಬಿಡಿಸಿಕೊಳ್ಳಲು ಅಮ್ಮನ ಬಳಿ ಹಣ ಕೇಳಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನನ್ನ ಮದುವೆಯ ದಿನ ಕುಡಿದು ಬಂದು ಬೀಗರ ಎದುರು ಊಟದ ಎಲೆ ಎಳೆದು ಬಿಸಾಡಿದರು. ಅದಾದ ಮೇಲೆ ದುರ್ಗಾಂಬಿಕೆ ಗುಡಿಯಲ್ಲಿ ಅಮ್ಮನ ಕೈ ಹಿಡಿದು, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿದರು. ಮೂರನೆಯ ದಿನ ಗೋಡೆಯ ಮೇಲೆ ಇರುವೆ ಹರಿಯುತ್ತಿವೆ ಎಂದು ಟವೆಲ್ಲಿನಿಂದ ಒರೆಸತೊಡಗಿದರು. ಮೈಯೆಲ್ಲ ಬೆವರು, ಯಾರ ಗುರುತೂ ಹತ್ತಲಿಲ್ಲ. ದೇವಿ ಕಾಡಿದಳು ಎಂದರು ಕೆಲವರು, ಕುಡಿಯಲು ಹೂಡಿದ ನಾಟಕ ಎಂದರು ಉಳಿದವರು. ಯಾರೋ ಸಾರಾಯಿ ತಂದು ಕುಡಿಸಿದ ಮೇಲೆ ತಣ್ಣಗಾದರು. ಆಣೆ ಮುರಿದವನು ಎಂಬ ಹೆಸರು ಸಾಯುವವರೆಗೂ ಅಳಿಯಲಿಲ್ಲ. ಕೊನೆಯ ಮೂರು ವರ್ಷ ಹಾಸಿಗೆ ಹಿಡಿದಿದ್ದಾಗ ಉಣಿಸಿ, ತೊಳೆದು ನೋಡಿಕೊಂಡವರು ಅದೇ ಅತ್ತೆ, ಅದೇ ಮಗಳು.

ಈಗ ಅಮ್ಮ, “ಸತ್ತವರ ಬಗ್ಗೆ ಒಳ್ಳೇದೇ ಬರೀಬೇಕು” ಎನ್ನುತ್ತಾಳೆ. ಮಾಮನ ಮಗಳು, “ಬರೆದರೆ ಎಲ್ಲಾ ಬರಿ ಅಕ್ಕ, ಇಲ್ಲಾಂದ್ರೆ ಬರೀಲೇಬೇಡ” ಎನ್ನುತ್ತಾಳೆ. ಅತ್ತೆ ಹೇಳಿದ್ದು ಒಂದೇ ಮಾತು: “ನನ್ನ ಹೆಸರು ಅದರಾಗೆ ಬರೋದು ಬೇಡ.” ನಾನು ಏನು ಬರೆಯಲಿ? ಪ್ರೀತಿಸಿದವರ ಬಗ್ಗೆ ನಿಜ ಬರೆದರೆ ದ್ರೋಹವಾಗುತ್ತದೆಯೇ?

— ಹೆಸರು ಬೇಡ, ದಾವಣಗೆರೆ

ಉತ್ತರ: ತಂಗೀ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಾಲಿನಲ್ಲೇ ನಿಂತಿದ್ದೇನೆ ಎಂದು ನೀವು ಬರೆದಿದ್ದೀರಿ. ಆದರೆ ಪುಸ್ತಿಕೆಗೆ ಬೇಕಾದ ಎರಡು ಪುಟದ ಹೆಚ್ಚಿನ ಪಾಲು ಈ ಪತ್ರದಲ್ಲೇ ಇದೆ. ತಲೆಗೂದಲಿನಿಂದ ಹತ್ತಿಯ ಎಳೆ ಬಿಡಿಸುವ ಹುಡುಗಿ, ಹೊಸ್ತಿಲ ಮೇಲೆ ಕುಳಿತ ಗಂಡಸು, ಟವೆಲ್ಲಿನಿಂದ ಗೋಡೆ ಒರೆಸುವ ಕೈ, ಇವೆಲ್ಲ ನಿಮ್ಮ ಮಾಮನದೇ. ಇವನ್ನು ಬೇರೆ ಯಾರ ಪುಸ್ತಿಕೆಗೂ ಹೊಂದಿಸಲು ಬರುವುದಿಲ್ಲ. ನಮ್ಮ ಕಡೆಯ ಸ್ಮರಣ ಪುಸ್ತಿಕೆಗಳಲ್ಲಿಯೂ ಶ್ರದ್ಧಾಂಜಲಿಯ ಜಾಹೀರಾತುಗಳಲ್ಲಿಯೂ “ಸರಳ ಸಜ್ಜನಿಕೆಯ, ಸ್ನೇಹಜೀವಿಯಾದ, ಅಜಾತಶತ್ರು” ಎಂಬ ಮೂರು ಮಾತು ಎಷ್ಟು ಜನರ ಹೆಸರಿನ ಮುಂದೆ ಕುಳಿತಿವೆ ಎಂಬುದು ನಿಮಗೂ ಗೊತ್ತು. ಅವು ಯಾರನ್ನೂ ನೋಯಿಸುವುದಿಲ್ಲ ಎಂಬ ನಂಬಿಕೆಯಿಂದಲೇ ನಾವು ಅವನ್ನು ಬಳಸುತ್ತೇವೆ. ಅವು ನೋಯಿಸುತ್ತವೆ ಎಂಬುದನ್ನು ನಾನು ತಡವಾಗಿ ಕಲಿತೆ.

ನನ್ನ ಅಣ್ಣ ಓಸಿ ಜೂಜಾಟಕ್ಕೆ ಬಿದ್ದು ಮನೆ ಕಳೆದವನು. ಹಾಡುತ್ತಿದ್ದ, ಎಲ್ಲರ ಮನೆಯ ಮದುವೆಗೂ ಚಪ್ಪರದಿಂದ ಊಟದವರೆಗೆ ನಿಂತು ದುಡಿಯುತ್ತಿದ್ದ, ಬೀದಿಯ ಮಕ್ಕಳೆಲ್ಲ ಅವನ ಹಿಂದೆಯೇ. ಅವನ ಮನೆಯಲ್ಲಿ ಮಾತ್ರ ತಿಂಗಳ ಕೊನೆಗೆ ಅಕ್ಕಿ ಇರುತ್ತಿರಲಿಲ್ಲ. ಅವನು ತೀರಿಕೊಂಡಾಗ ನಾನೇ ಬರೆದೆ, “ಕುಟುಂಬವತ್ಸಲ” ಎಂಬ ಪದವನ್ನೂ ಹಾಕಿದೆ. ಕಾರ್ಯ ಮುಗಿದು ಎಲ್ಲರೂ ಹೋದ ಮೇಲೆ ಅತ್ತಿಗೆ ಆ ಹಾಳೆಯನ್ನು ಮಡಿಚಿ ನನ್ನ ಕೈಗೆ ವಾಪಸು ಕೊಟ್ಟು, “ಇದನ್ನ ನೀನೇ ಇಟ್ಕೋ” ಎಂದರು. ಅವರು ಬೈದಿದ್ದರೆ ಉತ್ತರ ಕೊಡುತ್ತಿದ್ದೆನೋ ಏನೋ. ಆ ಒಂದು ಪದದಿಂದ ನಾನು ಅವರ ಇಪ್ಪತ್ತೆರಡು ವರ್ಷಗಳನ್ನು ನಡೆದೇ ಇಲ್ಲ ಎಂದು ಅಚ್ಚು ಹಾಕಿಸಿದ್ದೆ. ನಿಮ್ಮ ಮಾಮನ ಮಗಳು “ಎಲ್ಲಾ ಬರಿ, ಇಲ್ಲಾಂದ್ರೆ ಬರೀಲೇಬೇಡ” ಎಂದಾಗ ಅವಳು ಕೇಳುತ್ತಿರುವುದು ಅಪ್ಪನ ಮಾನ ಕಳೆಯಬೇಕೆಂದಲ್ಲ ಎಂದು ನನಗೆ ಅನ್ನಿಸುತ್ತದೆ. ತನ್ನ ಬಾಲ್ಯ ನಿಜವಾಗಿ ನಡೆದಿತ್ತು ಎಂದು ಮನೆಯಲ್ಲಿ ಯಾರಾದರೊಬ್ಬರು ಒಪ್ಪಲಿ ಎಂಬುದು ಅವಳ ಆಸೆ.

ಇನ್ನು ನಿಮ್ಮ ಪತ್ರದ ಒಂದು ವಾಕ್ಯದ ಬಗ್ಗೆ. “ಮಿಲ್ಲಿಗೆ ಬೀಗ ಬಿದ್ದ ಮೇಲೆ ಮಾಮ ಕುಡಿತಕ್ಕೆ ಬಿದ್ದು ಹಾಳಾದರು” ಎಂದು ಬರೆದಿದ್ದೀರಿ. ಅದೇ ಪತ್ರದಲ್ಲಿ, ನೀವು ಎಂಟನೆಯ ತರಗತಿಯಲ್ಲಿದ್ದಾಗ ಅತ್ತೆಯ ಬಳೆ ಅಡವಿಗೆ ಹೋಗಿತ್ತು ಎಂದೂ ಬರೆದಿದ್ದೀರಿ. ನಿಮ್ಮ ವಯಸ್ಸಿನ ಲೆಕ್ಕ ಹಿಡಿದರೆ ಅದು 1988ರ ಆಸುಪಾಸು; ಆಗ ಮಿಲ್ಲು ನಡೆಯುತ್ತಿತ್ತು, ಬಟವಾಡೆ ಸಿಗುತ್ತಿತ್ತು. ಇದನ್ನು ತಪ್ಪು ಹಿಡಿಯಲೆಂದು ಹೇಳುತ್ತಿಲ್ಲ. ಪ್ರೀತಿಸಿದವರ ಪತನಕ್ಕೆ ಒಂದೇ ಒಂದು ಕಾರಣ, ಅದೂ ಹೊರಗಿನ ಕಾರಣ, ಸಿಕ್ಕರೆ ಮನಸ್ಸಿಗೆ ನಿಲ್ಲಲು ಜಾಗ ಸಿಕ್ಕಂತಾಗುತ್ತದೆ. ಮಿಲ್ಲು ಮುಚ್ಚಿದ್ದು ಸಣ್ಣ ಕಾರಣವಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಈ ಊರಿನಲ್ಲಿ ಒಂದೊಂದಾಗಿ ಸೈರನ್ನುಗಳು ನಿಂತವು; 1997ರಲ್ಲಿ ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾಗುವ ಹೊತ್ತಿಗೆ ಊರು ಸೈರನ್ನಿಗೆ ಏಳುವ, ಸೈರನ್ನಿಗೆ ಉಣ್ಣುವ ಅಭ್ಯಾಸವನ್ನು ಬಹುಮಟ್ಟಿಗೆ ಮರೆತಿತ್ತು. ನಲವತ್ತು ದಾಟಿದ ಗಂಡಸಿಗೆ ಇಪ್ಪತ್ತು ವರ್ಷ ಕಲಿತ ಕೈಕೆಲಸ ಒಂದೇ ದಿನದಲ್ಲಿ ಯಾರಿಗೂ ಬೇಡದ್ದಾಯಿತು. ಇದನ್ನು ನೀವು ಬರೆಯಲೇಬೇಕು. ಆದರೆ ಬಳೆಯ ರಾತ್ರಿಯನ್ನು ಮಿಲ್ಲಿನ ಬೀಗದ ಆಚೆಗೆ ಸರಿಸಿ ಬರೆದರೆ, ಅತ್ತೆ ಅದನ್ನು ಓದಿ ಒಂದು ಕ್ಷಣದಲ್ಲಿ ಗುರುತಿಸುತ್ತಾರೆ.

ಕೈಕೆಲಸದ ಮಾತು ಬಂತು. ನಾನು ಮಿಲ್ಲಿನ ಕೆಲಸಗಾರರ ವಠಾರದಲ್ಲಿ ಬೆಳೆದವಳು; ನನ್ನ ಚಿಕ್ಕಪ್ಪ ಹತ್ತಿ ಬಾಚುವ ಕಾರ್ಡಿಂಗ್ ವಿಭಾಗದಲ್ಲಿದ್ದರು. ರಿಂಗ್ ಫ್ರೇಮಿನವರ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಸಾಲುಸಾಲು ತಿರುಗುತ್ತಿರುವ ಕದಿರುಗಳ ನಡುವೆ ನಡೆಯುತ್ತಾ, ಎಲ್ಲಿ ಎಳೆ ಕಡಿದಿದೆಯೋ ಅಲ್ಲಿ ನಿಂತು, ಕದಿರನ್ನು ಬೆರಳಿನಿಂದ ತಡೆದು, ಬಾಬಿನ್ನಿನ ಮೇಲಿನ ನೂಲಿನ ತುದಿಯನ್ನು ಹುಡುಕಿ ತೆಗೆದು, ಮೇಲಿನಿಂದ ಇಳಿಯುತ್ತಿರುವ ಹತ್ತಿಯ ಎಳೆಗೆ ಮುಟ್ಟಿಸಿ ಬಿಟ್ಟರೆ ಅದು ತಾನಾಗಿ ಹುರಿಗೊಂಡು ಒಂದಾಗುತ್ತದೆ. ಇಷ್ಟೂ ಕೆಲವೇ ಕ್ಷಣಗಳ ಕೆಲಸ. ಒಂದು ಪಾಳಿಯಲ್ಲಿ ಅದನ್ನು ಎಷ್ಟು ನೂರು ಸಲ ಮಾಡುತ್ತಿದ್ದರೋ ಲೆಕ್ಕ ಇಟ್ಟವರಿಲ್ಲ. ಆ ಕೆಲಸದವರ ಹೆಬ್ಬೆರಳು ಮತ್ತು ತೋರುಬೆರಳು ಸುಮ್ಮನೆ ಕುಳಿತಾಗಲೂ ಒಂದರ ಮೇಲೊಂದು ಹೊಸೆಯುತ್ತಲೇ ಇರುತ್ತಿದ್ದವು. ನಿಮ್ಮ ಮಾಮನ ಬೆರಳುಗಳೂ ಹಾಗೆ ಇದ್ದವೇ? ಅಮ್ಮನನ್ನು ಕೇಳಿ ನೋಡಿ.

ಅವರು ಕೂಗಿ ಮಾತಾಡುತ್ತಿದ್ದುದಕ್ಕೂ ಮಿಲ್ಲಿನ ಇದೇ ಶೆಡ್ಡು ಕಾರಣವಿರಬಹುದು. ಅಲ್ಲಿನ ಸದ್ದಿನಲ್ಲಿ ಪಕ್ಕದವನ ಮಾತು ಕೇಳುವುದಿಲ್ಲ; ತುಟಿ ನೋಡಿ, ಕೈಸನ್ನೆ ನೋಡಿ ತಿಳಿಯಬೇಕು. ವರ್ಷಗಟ್ಟಲೆ ಅಂಥ ಸದ್ದಿನಲ್ಲಿ ದುಡಿದವರ ಕಿವಿಯ ಒಳಗಿನ ಸೂಕ್ಷ್ಮ ಜೀವಕೋಶಗಳು ಸಾಯುತ್ತವೆ, ಅವು ಮತ್ತೆ ಹುಟ್ಟುವುದಿಲ್ಲ. ಕೇಳದವರು ತಮ್ಮ ದನಿಯ ಎತ್ತರವನ್ನೂ ಅಳೆಯಲಾರರು. ಹತ್ತಿಯ ದೂಳು ಶ್ವಾಸಕೋಶಕ್ಕೆ ಮಾಡುವ ಹಾನಿಗೆ ಬಿಸಿನೋಸಿಸ್ ಎಂದು ಹೆಸರಿದೆ. ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನ ಎದೆ ಬಿಗಿಹಿಡಿಯುವುದು ಅದರ ಗುರುತು. ನನ್ನ ಚಿಕ್ಕಪ್ಪ ಅದನ್ನು ರಜೆಯ ದಿನ ತಿಂದ ಊಟದ ದೋಷ ಎಂದೇ ನಂಬಿ ಸತ್ತರು. ಮಾಮನ ಗಂಟಲಿಗೆ ಬೀದಿಯೇ ಹೆದರುತ್ತಿತ್ತು ಎಂಬುದು ನಿಜವಿರಲಿ. ಅದರ ಪಕ್ಕದಲ್ಲಿ ಆ ಗಂಟಲು ಎಲ್ಲಿ ಬೆಳೆಯಿತು ಎಂಬ ಒಂದು ಸಾಲೂ ಇರಲಿ. ಕೈಯೆತ್ತಿದ್ದಕ್ಕೆ ಮಾತ್ರ ಶೆಡ್ಡಿನ ಸದ್ದು ಉತ್ತರವಾಗದು. ಅದನ್ನು ಅದಕ್ಕೆ ಜೋಡಿಸಬೇಡಿ.

ಈಗ ಆಣೆಯ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅದೇ. ಬಹುಕಾಲದಿಂದ ದಿನವೂ ಹೆಚ್ಚು ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಗುವುದು, ಬೆವರು, ನಿದ್ದೆಗೇಡು ಶುರುವಾಗುತ್ತವೆ. ಒಂದೆರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಬುದ್ಧಿಭ್ರಮೆಯಾಗಿ, ಇಲ್ಲದ ಹುಳು ಹುಪ್ಪಟೆಗಳು ಕಾಣುತ್ತವೆ, ಗುರುತು ತಪ್ಪುತ್ತದೆ. ವೈದ್ಯರು ಇದನ್ನು ಡೆಲೀರಿಯಮ್ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಅಪಾಯ. ಆದ್ದರಿಂದಲೇ ಅಂಥವರು ವೈದ್ಯರ ನಿಗಾದಲ್ಲಿ, ಔಷಧಿಯ ಆಸರೆಯಲ್ಲಿ ನಿಲ್ಲಿಸಬೇಕು. ನಾನು ವೈದ್ಯಳಲ್ಲ, ನಿಮ್ಮ ಮಾಮನನ್ನು ಪರೀಕ್ಷಿಸಿದವಳೂ ಅಲ್ಲ. ಆದರೆ ಮೂರನೆಯ ದಿನ, ಬೆವರು, ಗೋಡೆಯ ಮೇಲಿನ ಇರುವೆ, ಗುರುತು ತಪ್ಪಿದ್ದು, ಸಾರಾಯಿ ಒಳಗೆ ಹೋದೊಡನೆ ತಣ್ಣಗಾದದ್ದು, ಇಷ್ಟನ್ನೂ ನಿಮಗೆ ಪರಿಚಯವಿರುವ ಯಾವ ವೈದ್ಯರ ಮುಂದಾದರೂ ಇಟ್ಟು ಕೇಳಿ. ನೀವು ವಿವರಿಸಿದ್ದು ಇದನ್ನೇ ಹೋಲುತ್ತದೆ. ಮೂರು ದಿನ ಆ ಮನುಷ್ಯ ಆಣೆಯನ್ನು ಉಳಿಸಿಕೊಂಡಿದ್ದ. ಅದನ್ನು ಉಳಿಸಿಕೊಂಡದ್ದಕ್ಕೇ ಅವನ ಮೈ ಹಾಗಾಯಿತು. ಸುತ್ತ ನಿಂತಿದ್ದವರಿಗೆ ಅದು ನಾಟಕವಾಗಿ ಕಂಡಿತು, ಇಲ್ಲವೇ ದೇವಿಯ ಕಾಟವಾಗಿ ಕಂಡಿತು. ಅವರಲ್ಲಿ ಯಾರದೂ ಕೆಟ್ಟ ಮನಸ್ಸಲ್ಲ, ಯಾರಿಗೂ ಗೊತ್ತಿರಲಿಲ್ಲ. ಸಾರಾಯಿ ತಂದು ಕುಡಿಸಿದವರು ಅಂದು ಆ ಜೀವವನ್ನು ಉಳಿಸಿದರೆನ್ನಬಹುದು. ಆದರೂ ಅಲ್ಲಿಂದಾಚೆ ಅವರು ಇನ್ನೊಮ್ಮೆ ಬಿಡಲು ಪ್ರಯತ್ನಿಸಲಿಲ್ಲ ಎಂದಾದರೆ, ಮತ್ತೆ ಅದೇ ಇರುವೆಗಳನ್ನು ಕಾಣುವ ಹೆದರಿಕೆಯೂ ಅದರಲ್ಲಿ ಇದ್ದಿರಬೇಕು.

ಆಣೆ ಮುರಿದವನು ಎಂಬ ಹೆಸರನ್ನು ಸಾಯುವವರೆಗೂ ಹೊತ್ತವರ ಬಗ್ಗೆ ಮನೆಯವರೇ ಕೂಡಿ ಓದುವ ಪುಸ್ತಿಕೆಯಲ್ಲಿ ಈ ಒಂದು ಪ್ಯಾರಾ ಇರಲಿ ಎಂದು ನಾನು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ನಿಮ್ಮ ತಾಯಿಯವರಿಗೆ ಅದನ್ನು ಮೊದಲೇ ಓದಿ ಹೇಳಿ. ಆ ಆಣೆ ಅವರ ಕೈ ಹಿಡಿದು ಮಾಡಿದ್ದು. ತಮ್ಮ ತನಗೆ ಸುಳ್ಳು ಹೇಳಿದ ಎಂಬ ನೋವನ್ನು ಅವರು ಇಷ್ಟು ವರ್ಷ ಯಾರ ಮುಂದೆಯೂ ಆಡದೆ ಇಟ್ಟುಕೊಂಡಿರಬಹುದು. ಹದಿನಾಲ್ಕರ ಹುಡುಗಿ ಆರರ ಹುಡುಗನನ್ನು ಬೆಳೆಸಿದಳು. ಆ ಹುಡುಗನ ಬದುಕಿನ ಬಗ್ಗೆ ಯಾರು ಏನು ಬರೆದರೂ ಅವರಿಗೆ ಅದು ತಾನು ಬೆಳೆಸಿದ ರೀತಿಯ ಮೇಲಿನ ತೀರ್ಪಿನಂತೆ ಕೇಳಿಸುತ್ತದೆ. “ಒಳ್ಳೇದೇ ಬರೀಬೇಕು” ಎಂಬ ಮಾತಿನ ಹಿಂದೆ ಈ ಅಂಜಿಕೆ ಇದೆ ಎಂದು ನಾನು ತಿಳಿಯುತ್ತೇನೆ. ಆದ್ದರಿಂದ ಬರಹವನ್ನು ಅವರಿಂದಲೇ ಆರಂಭಿಸಿ. ಕುಡಿತವಿನ್ನೂ ಇಲ್ಲದ, ಮಿಲ್ಲಿನ್ನೂ ಇಲ್ಲದ ಕಾಲದ ತಮ್ಮನ ಒಂದು ಸಂಗತಿಯನ್ನು ಅವರ ಬಾಯಿಂದ ಕೇಳಿ, ಅವರು ಹೇಳಿದಂತೆಯೇ ಬರೆದುಕೊಳ್ಳಿ. ಏನು ತಿನ್ನುತ್ತಿದ್ದ, ರಾತ್ರಿ ಯಾವುದಕ್ಕೆ ಹೆದರುತ್ತಿದ್ದ, ಮೊದಲ ಬಟವಾಡೆಯಲ್ಲಿ ಅಕ್ಕನಿಗೆ ಏನು ತಂದ. ಎಂಬತ್ತರ ಹೊಸ್ತಿಲಲ್ಲಿರುವ ಅವರನ್ನು ಬಿಟ್ಟರೆ ಇದನ್ನು ಬಲ್ಲವರು ಇನ್ನು ಯಾರೂ ಇಲ್ಲ.

ಅತ್ತೆಯ ಮಾತಿಗೆ ಬರುತ್ತೇನೆ. ತಮ್ಮ ಹೆಸರು ಬರುವುದು ಬೇಡ ಎಂದಿದ್ದಾರೆ, ಬರಬಾರದು. “ಸಹನಾಮಯಿ ಪತ್ನಿ” ಎಂಬಂಥ ಹೆಸರಿಲ್ಲದ ಹೊಗಳಿಕೆಯಲ್ಲಿಯೂ ಅವರನ್ನು ತರಬೇಡಿ. ನಮ್ಮಲ್ಲಿ ಗಂಡನ ಪೆಟ್ಟು ತಿಂದು, ಕೊನೆಗೆ ಅವನ ಹಾಸಿಗೆ ತೊಳೆದ ಹೆಂಗಸನ್ನು ದೇವತೆ ಮಾಡಿ ಕೂರಿಸುವುದು ಬಹಳ ಸುಲಭ, ಹಾಗೆ ಕೂರಿಸಿದ ಮೇಲೆ ಅವಳು ಮಾತಾಡುವಂತಿಲ್ಲ. ಅವರು ಮೂರು ವರ್ಷ ಶುಶ್ರೂಷೆ ಮಾಡಿದ್ದನ್ನು ಕ್ಷಮೆ ಎಂದು ನೀವು ಅರ್ಥ ಬರೆಯಬೇಡಿ. ಅದು ಕ್ಷಮೆಯೋ, ಕರ್ತವ್ಯವೋ, ಬೇರೆ ದಾರಿಯಿಲ್ಲದ್ದೋ, ಹಳೆಯ ಪ್ರೀತಿಯೋ, ಅವರೇ ಹೇಳಬೇಕು. ಹೇಳದಿರುವ ಹಕ್ಕೂ ಅವರದೇ. ನೀವು ಮಾಮನನ್ನು ನಿಮ್ಮ ಪಾಲಿಗೆ ಕ್ಷಮಿಸಬಹುದು, ನಿಮ್ಮ ಮದುವೆಯ ದಿನದ ಎಲೆಯನ್ನು ಮರೆಯಬಹುದು. ಅತ್ತೆಯ ಪರವಾಗಿ, ಅವರ ಮಗಳ ಪರವಾಗಿ ಕ್ಷಮಿಸುವ ಅಧಿಕಾರ ನಿಮಗಿಲ್ಲ, ನನಗಂತೂ ಇಲ್ಲವೇ ಇಲ್ಲ.

ಇಲ್ಲಿ ಒಂದು ಕಷ್ಟದ ಮಾತು ಹೇಳಬೇಕಾಗಿದೆ, ಬೇಸರಿಸಬೇಡಿ. ಸೋದರಸೊಸೆಯ ಓದಿಗಾಗಿ ಹೊಸ್ತಿಲ ಮೇಲೆ ಉಪವಾಸ ಕುಳಿತವರ ಸ್ವಂತ ಮಗಳು ಒಂಬತ್ತಕ್ಕೇ ಶಾಲೆ ಬಿಟ್ಟಳು. ನಿಮಗೆ ಸಿಕ್ಕ ಮಾಮ ಅವಳಿಗೆ ಅಪ್ಪನಾಗಿ ಸಿಗಲಿಲ್ಲ. ಈ ಎರಡು ಸಂಗತಿಗಳನ್ನೂ ನೀವು ಪತ್ರದಲ್ಲಿ ಬರೆದಿದ್ದೀರಿ, ಆದರೆ ಅಕ್ಕಪಕ್ಕ ಇಟ್ಟಿಲ್ಲ. ನನ್ನ ಅನುಭವದಲ್ಲಿ ಇಂಥ ಗಂಡಸರು ಪರರ ಮನೆಯಲ್ಲಿ ದೊಡ್ಡ ಮನಸ್ಸಿನವರಾಗಿರುವುದು ಅಪರೂಪವೇನಲ್ಲ. ಅಲ್ಲಿ ಒಂದು ದಿನದ ಧೈರ್ಯ ಸಾಕು, ಸ್ವಂತ ಮನೆಯಲ್ಲಿ ದಿನದಿನವೂ ಬೇಕು. ನಿಮ್ಮ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಆದರೂ ಆ ಹೊಸ್ತಿಲ ಕಥೆಯನ್ನು ನೀವು ನೂರು ಜನರ ಮುಂದೆ ಓದುವಾಗ, ಎದುರಿಗೆ ಕುಳಿತ ಆ ಮಗಳಿಗೆ ಅದು ಹೇಗೆ ಕೇಳಿಸಬಹುದು ಎಂದು ಒಂದು ಸಲ ಯೋಚಿಸಿ. ಅದನ್ನು ಬಿಡಬೇಡಿ, ಅದು ನಿಮ್ಮ ಬದುಕಿನ ನಿಜ. ಓದುವ ಮೊದಲು ಅವಳೊಬ್ಬಳನ್ನೇ ಕೂರಿಸಿಕೊಂಡು, “ನನಗೆ ಇದು ಸಿಕ್ಕಿತು, ನಿನಗೆ ಸಿಗಲಿಲ್ಲ, ನನಗೆ ಗೊತ್ತು” ಎಂದು ಹೇಳಿ. ಇಷ್ಟು ವರ್ಷದಲ್ಲಿ ಯಾರೂ ಅವಳಿಗೆ ಅದನ್ನು ಹೇಳಿರಲಾರರು.

ಬರೆಯುವ ಬಗೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ನೀವು ಕನ್ನಡದ ಶಿಕ್ಷಕಿ. ನೀವು ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಿರಿ. “ಅವರು ಒಳ್ಳೆಯವರು, ಆದರೆ” ಎಂದು ಶುರುಮಾಡಿದರೆ ತಕ್ಕಡಿ ಹಿಡಿದಂತಾಗುತ್ತದೆ, ಓದಿದವರೆಲ್ಲ ತೂಕ ನೋಡಲು ನಿಲ್ಲುತ್ತಾರೆ. ಎಳೆ ಬಿಡಿಸಿದ ಬೆಳಗು, ಸೈಕಲ್ಲು, ಹೊಸ್ತಿಲು, ಆಣೆ, ಹಾಸಿಗೆ, ಇವನ್ನು ನಡೆದ ಕ್ರಮದಲ್ಲಿ ಹೇಳುತ್ತಾ ಹೋಗಿ. ಕುಡಿಯುತ್ತಿದ್ದರು ಎಂಬುದನ್ನು ಒಂದು ಸರಳ ವಾಕ್ಯದಲ್ಲಿ ಹೇಳಿ. “ಕೆಲವು ದೌರ್ಬಲ್ಯಗಳಿದ್ದವು” ಎಂದು ಸುತ್ತಿ ಹೇಳಬೇಡಿ. ಮನೆಯೊಳಗೆ ನಡೆದದ್ದಕ್ಕೆ, “ಅವರ ಮನೆಯವರು ಪಟ್ಟ ಕಷ್ಟ ದೊಡ್ಡದು, ಅದನ್ನು ಹೇಳುವುದು ಬಿಡುವುದು ಅವರಿಗೆ ಸೇರಿದ್ದು” ಎಂಬಷ್ಟು ಸಾಕು. ಕೆಳಗೆ ನಿಮ್ಮ ಹೆಸರು ಹಾಕಿ, ಸೋದರಸೊಸೆ ಎಂದು ಬರೆಯಿರಿ, ಆಗ ಇದು ಯಾರ ಕಣ್ಣಿನ ಮಾಮ ಎಂಬುದು ಓದುವವರಿಗೆ ತಿಳಿಯುತ್ತದೆ. ಅಚ್ಚಿಗೆ ಕೊಡುವ ಮುನ್ನ ಮಗಳಿಗೆ ತೋರಿಸಿ. ಅವಳು ಒಂದು ಸಾಲು ತೆಗೆಯೆಂದರೆ ವಾದ ಮಾಡದೆ ತೆಗೆಯಿರಿ. ಒಂದು ಸಾಲು ಸೇರಿಸೆಂದರೆ, ಅವಳ ಹೆಸರಿನಲ್ಲೇ ಅವಳೇ ಬರೆಯಲು ಒಂದು ಪುಟ ಬಿಡಿ. ಅವಳಿಗೆ ಒಂಬತ್ತನೆಯ ತರಗತಿಯ ಕನ್ನಡ ಸಾಕು.

ಯಾವುದಕ್ಕೂ ಒಮ್ಮತ ಬರದಿದ್ದರೆ ಒಂದು ಭಾವಚಿತ್ರ, ಹೆಸರು, ಹುಟ್ಟಿದ ಮತ್ತು ತೀರಿಕೊಂಡ ದಿನ, “ರಿಂಗ್ ಫ್ರೇಮ್ ವಿಭಾಗದ ಕೆಲಸಗಾರರು” ಎಂಬ ಒಂದು ಸಾಲು ಹಾಕಿ ಮುಗಿಸಿ. ಅದರಲ್ಲಿ ಸುಳ್ಳಿಲ್ಲ. ಉಳಿದದ್ದನ್ನು ನಿಮ್ಮ ನೋಟ್ ಪುಸ್ತಕದಲ್ಲಿ ಬರೆದಿಡಿ. ದ್ರೋಹವಾಗುತ್ತದೆಯೇ ಎಂದು ಕೇಳಿದ್ದೀರಿ. ಮಾಮ ಕುಡಿದಿದ್ದಾಗಲೂ ನೀವು ಅವರ ತಲೆಯ ಎಳೆಗಳನ್ನು ಬಿಡಿಸುತ್ತಿದ್ದಿರಲ್ಲವೇ? ಅವರ ಬಗ್ಗೆ ಗೊತ್ತಿದ್ದೂ ಪ್ರೀತಿಸಿದವರು ನೀವು. ಗೊತ್ತಿಲ್ಲದವರಂತೆ ಬರೆಯಬೇಕಾದ ಅಗತ್ಯ ನಿಮಗಿಲ್ಲ.

ಪ್ರಶ್ನೆ: ನನ್ನ ವಯಸ್ಸು ಇಪ್ಪತ್ತಾರು. ಅಪ್ಪ ತೀರಿಕೊಂಡು ಐದು ವರ್ಷವಾಯಿತು. ಕುಡಿತದಿಂದ ಲಿವರ್ ಕೆಟ್ಟು, ಹೊಟ್ಟೆಯಲ್ಲಿ ನೀರು ತುಂಬಿ ಸತ್ತರು. ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಸತ್ತವರಿಗೆ ಇಷ್ಟವಾದದ್ದನ್ನು ಇಡಬೇಕು ಎಂದು ದೊಡ್ಡಪ್ಪ ಪ್ರತಿವರ್ಷವೂ ಅಪ್ಪನ ಫೋಟೋದ ಮುಂದೆ ಒಂದು ಕ್ವಾರ್ಟರ್ ಬಾಟಲಿ, ಒಂದು ಕಟ್ಟು ಬೀಡಿ ಇಡುತ್ತಾರೆ. ಪೂಜೆ ಮುಗಿದ ಮೇಲೆ ಅದನ್ನು ಪ್ರಸಾದವೆಂದು ಚಿಕ್ಕಪ್ಪನ ಮಕ್ಕಳು ಹಂಚಿಕೊಳ್ಳುತ್ತಾರೆ. ಅಮ್ಮ ಏನೂ ಹೇಳುವುದಿಲ್ಲ, ಒಳಗೆ ಹೋಗಿಬಿಡುತ್ತಾರೆ. ನಾನು ಬೇಡವೆಂದರೆ ಹಿರಿಯರಿಗೆ ಅಪಚಾರ ಮಾಡಿದಂತೆ ಆಗುತ್ತದೆಯೇ?

— ಓದುಗ, ಹೊಳಲ್ಕೆರೆ ತಾಲ್ಲೂಕು

ಉತ್ತರ: ಅಪಚಾರವಾಗುವುದಿಲ್ಲ, ತಮ್ಮಾ. ಸತ್ತವರಿಗೆ ಪ್ರಿಯವಾದದ್ದನ್ನು ಇಡುವ ಪದ್ಧತಿ ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿದೆ, ಬೀಡಿ, ಬಾಟಲಿ ಇಡುವುದನ್ನೂ ನಾನು ಕಂಡಿದ್ದೇನೆ. ದೊಡ್ಡಪ್ಪನವರು ತಮ್ಮನ ಮೇಲಿನ ಮಮತೆಯಿಂದಲೇ ಅದನ್ನು ಮಾಡುತ್ತಿದ್ದಾರೆ, ಅನುಮಾನ ಬೇಡ. ಆದರೆ ಕುಡಿತ ಅಂಟಿಕೊಂಡವರಿಗೆ ಬಾಟಲಿ ಇಷ್ಟದ ವಸ್ತುವಾಗಿ ಉಳಿದಿರುವುದಿಲ್ಲ. ಬೆಳಿಗ್ಗೆ ನಡುಗುವ ಕೈ ನಿಲ್ಲಿಸಲು ಅದು ಬೇಕಾಗಿರುತ್ತದೆ, ಅಷ್ಟೇ. ನಿಮ್ಮ ತಂದೆಗೆ ಇಷ್ಟವಾಗಿದ್ದು ಅದಕ್ಕಿಂತ ಹಿಂದಿನದು ಏನೋ ಇರಬೇಕು.

ಪ್ರಸಾದವನ್ನು ಹಂಚಿಕೊಳ್ಳುವ ಹುಡುಗರ ವಿಷಯವೂ ಸಣ್ಣದಲ್ಲ. ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನಗಳಿಂದ, ಕುಡಿತದ ಚಟಕ್ಕೆ ಬೀಳುವ ಅಪಾಯದಲ್ಲಿ ಸುಮಾರು ಅರ್ಧದಷ್ಟು ಪಾಲು ವಂಶದಿಂದ ಬರುತ್ತದೆ ಎಂದು ತಿಳಿದುಬಂದಿದೆ. ಉಳಿದರ್ಧ ನಾವು ಬದುಕುವ ಮನೆ, ಜೊತೆಗಾರರು, ಸುಲಭವಾಗಿ ಕೈಗೆ ಸಿಗುವುದು ಇವುಗಳದು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದರೂ ಅಂಗಡಿಯ ಅಗ್ಗದ ಬಾಟಲಿ ಹಳ್ಳಿಹಳ್ಳಿಗೂ ತಲುಪಿದೆ. ಅದನ್ನು ದೇವರ ಮುಂದಿನಿಂದ ಎತ್ತಿ ಕುಡಿಯುವ ಅಭ್ಯಾಸ ನಿಮ್ಮ ಮನೆಯ ಹುಡುಗರಿಗೆ ಬೇಡ. ನಿಮಗೇ ಆಗಲಿ ಅವರಿಗೇ ಆಗಲಿ ಈ ಬಗ್ಗೆ ಕಳವಳವಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್, 14416ಕ್ಕೆ ಕರೆ ಮಾಡಬಹುದು. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಎಡೆಯ ಮುಂದೆ ನಿಂತು ಈ ಮಾತು ಎತ್ತಬೇಡಿ. ಹಬ್ಬಕ್ಕೆ ಎಂಟು ಹತ್ತು ದಿನ ಇರುವಾಗಲೇ ದೊಡ್ಡಪ್ಪನ ಮನೆಗೆ ಹೋಗಿ, ಅವರೊಬ್ಬರೇ ಇರುವಾಗ, “ದೊಡ್ಡಪ್ಪಾ, ಈ ಸಲ ಬಾಟಲಿ ಬೇಡ, ಅಮ್ಮ ಒಳಗೆ ಹೋಗಿಬಿಡ್ತಾರೆ” ಎಂದಷ್ಟೇ ಹೇಳಿ. ಅಮ್ಮ ಒಳಗೆ ಹೋಗುವುದನ್ನು ಅವರು ಗಮನಿಸಿಯೇ ಇರಲಾರರು. ಅದಕ್ಕೂ ಮೊದಲು ಒಂದು ಸಂಜೆ ಅಮ್ಮನ ಪಕ್ಕ ಕುಳಿತು, ಮದುವೆಯಾದ ಹೊಸತರಲ್ಲಿ ಅಪ್ಪ ಏನು ಮಾಡಿಸಿಕೊಂಡು ತಿನ್ನುತ್ತಿದ್ದರು ಎಂದು ಕೇಳಿ. ಶೇಂಗಾ ಹೋಳಿಗೆಯೋ, ಬಿಸಿ ಮುದ್ದೆಗೆ ಹುರುಳಿಕಾಳಿನ ಸಾರೋ, ಅವರು ಹೇಳುತ್ತಾರೆ. ಅದನ್ನು ಅಂದು ಅವರ ಕೈಯಿಂದಲೇ ಮಾಡಿಸಿ, ಅವರ ಕೈಯಿಂದಲೇ ಎಡೆಗೆ ಬಡಿಸಿ.